ವಿಮಾನಯಾನದ ರೇಡಿಯೋ ಅಡಚಣೆ ಮತ್ತು ಅದರ ಮೂಲಶೋಧ

ವಿಮಾನಗಳ ಮಾತುಕತೆ, ದಾರಿ ನಿರ್ಣಯ ಮತ್ತು ಕಣ್ಗಾವಲಿಗೆ ಮೀಸಲಾದ ರೇಡಿಯೋ ಆವೃತ್ತಿಗಳಲ್ಲಿ ಹೊರಗಿನ ಸಂಕೇತ ನುಸುಳಿ ಕೆಲಸ ಕೆಡಿಸುವುದಕ್ಕೆ ವಿಮಾನಯಾನದ ರೇಡಿಯೋ ಅಡಚಣೆ ಎಂದು ಹೆಸರು. ಅದು ಯಾವ ಸ್ಥಳದಿಂದ, ಯಾವ ಉಪಕರಣದಿಂದ ಹೊರಡುತ್ತಿದೆ ಎಂದು ಗುರುತಿಸಿ ನಿಲ್ಲಿಸುವ ಕೆಲಸವೇ ಮೂಲಶೋಧ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಾವಳಿಯು ಸಂಚಾರ ಮತ್ತು ಸುರಕ್ಷತಾ ಸೇವೆಗಳನ್ನು ಉಳಿದ ಸೇವೆಗಳಿಂದ ಬೇರ್ಪಡಿಸಿ, ಅವುಗಳನ್ನು ಹಾನಿಕರ ಅಡಚಣೆಯಿಂದ ಕಾಯಲು ವಿಶೇಷ ಕ್ರಮ ಬೇಕೆಂದು ಹೇಳುತ್ತದೆ. ಮನೆಯ ರೇಡಿಯೋದಲ್ಲಿ ಗೊರಗೊರ ಬಂದರೆ ಹಾಡು ಕೆಡುತ್ತದೆ, ಅಷ್ಟೆ. ಇಳಿಯುತ್ತಿರುವ ವಿಮಾನದ ರಿಸೀವರ್‌ನಲ್ಲಿ ಅದೇ ಗೊರಗೊರ ಬಂದರೆ ಪೈಲಟ್ ಮತ್ತೆ ಮೇಲೇರಬೇಕಾಗುತ್ತದೆ.

ಈ ಶೋಧದ ಮುಖ್ಯ ತೊಡಕು ಎತ್ತರದ್ದು. ಅಡಚಣೆ ಕೇಳಿಸುವುದು ಆಕಾಶದಲ್ಲಿ, ಅದರ ಮೂಲ ಇರುವುದು ಸಾಮಾನ್ಯವಾಗಿ ನೆಲದ ಮೇಲೆ. ಹುಡುಕಲು ಹೊರಟವರಿಗೆ ನೆಲದಲ್ಲಿ ಎಷ್ಟೋ ಸಲ ಏನೂ ಕೇಳಿಸುವುದಿಲ್ಲ.

ಮೀಸಲು ಆವೃತ್ತಿಗಳು

ಪೈಲಟ್ ಮತ್ತು ವಾಯು ಸಂಚಾರ ನಿಯಂತ್ರಕರ ಮಾತು ಬಹುಪಾಲು ನಡೆಯುವುದು 118ರಿಂದ 137 ಮೆಗಾಹರ್ಟ್ಜ್‌ವರೆಗಿನ ವಿಎಚ್‌ಎಫ್ ಪಟ್ಟಿಯಲ್ಲಿ. ಅದರಲ್ಲಿ 121.5 ಮೆಗಾಹರ್ಟ್ಜ್ ಆಪತ್ಕಾಲದ ಆವೃತ್ತಿ. ಅದರ ಕೆಳಗೆ, 108ರಿಂದ 118 ಮೆಗಾಹರ್ಟ್ಜ್‌ ನಡುವೆ, ದಿಕ್ಕು ತೋರುವ ವಿಒಆರ್ ಕೇಂದ್ರಗಳಿವೆ. ಇಳಿಯುವ ವಿಮಾನವನ್ನು ರನ್‌ವೇಯ ನಡುಗೆರೆಗೆ ಹೊಂದಿಸುವ ಐಎಲ್‌ಎಸ್‌ನ ಲೋಕಲೈಜರ್ ಕೂಡ ಇದೇ ಪಟ್ಟಿಯಲ್ಲಿದೆ. ಇಳಿಜಾರಿನ ಕೋನ ತಿಳಿಸುವ ಗ್ಲೈಡ್ ಪಾತ್ 328.6ರಿಂದ 335.4 ಮೆಗಾಹರ್ಟ್ಜ್‌ನಲ್ಲಿ, ದೂರ ಅಳೆಯುವ ಡಿಎಂಇ 960ರಿಂದ 1215 ಮೆಗಾಹರ್ಟ್ಜ್‌ನಲ್ಲಿ, ಸೆಕೆಂಡರಿ ರಾಡಾರ್ 1030 ಮತ್ತು 1090 ಮೆಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತವೆ. ಜಿಪಿಎಸ್‌ನ ಮುಖ್ಯ ಸಂಕೇತ 1575.42 ಮೆಗಾಹರ್ಟ್ಜ್‌ನದು. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುವ ರೇಡಿಯೋ ಆಲ್ಟಿಮೀಟರ್ 4200ರಿಂದ 4400 ಮೆಗಾಹರ್ಟ್ಜ್ ಬಳಸುತ್ತದೆ.

ಮಾತಿನ ಪಟ್ಟಿಯಲ್ಲಿ ಇಂದಿಗೂ ಹಳೆಯ ಎಎಂ ಪದ್ಧತಿಯೇ ಉಳಿದಿದೆ. ಎಫ್‌ಎಂನಲ್ಲಿ ಬಲವಾದ ಸಂಕೇತವು ದುರ್ಬಲವಾದುದನ್ನು ಪೂರ್ತಿ ನುಂಗಿಬಿಡುತ್ತದೆ. ಎಎಂನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಕನಿಷ್ಠ ಒಂದು ಕೀರಲು ಸದ್ದಾದರೂ ಕೇಳಿ, ಇನ್ನೊಬ್ಬರು ಇದ್ದಾರೆಂಬ ಸುಳಿವು ಸಿಗುತ್ತದೆ. ಆದರೆ ಮಾತು ಮಾತ್ರ ಕಳೆದುಹೋಗಬಹುದು. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದ ರನ್‌ವೇಯಲ್ಲಿ ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಡಿಕ್ಕಿಗೆ ಮೊದಲು ನಿಯಂತ್ರಣ ಗೋಪುರವೂ ಪ್ಯಾನ್ ಆಮ್ ಸಿಬ್ಬಂದಿಯೂ ಒಂದೇ ಕ್ಷಣದಲ್ಲಿ ಮಾತಾಡಿದ್ದರಿಂದ ಕೆಎಲ್‌ಎಂ ಕಾಕ್‌ಪಿಟ್‌ಗೆ ಕರ್ಕಶ ಸದ್ದಷ್ಟೇ ಸ್ಪಷ್ಟವಾಗಿ ತಲುಪಿತ್ತು. ಆ ಅಪಘಾತಕ್ಕೆ ಹಲವು ಕಾರಣಗಳು ಕೂಡಿಬಂದವು, ಇದು ಅವುಗಳಲ್ಲಿ ಒಂದು.

ಎತ್ತರ ಮತ್ತು ಕೇಳುವ ದೂರ

ವಿಎಚ್‌ಎಫ್ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಯ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುತ್ತವೆ. ಆ್ಯಂಟೆನಾದ ಎತ್ತರ ಮೀಟರ್‌ಗಳಲ್ಲಿ ಗೊತ್ತಿದ್ದರೆ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದಾಗ ರೇಡಿಯೋ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂಬುದು ಸಿಗುತ್ತದೆ. 10,000 ಮೀಟರ್ ಎತ್ತರದ ವಿಮಾನಕ್ಕೆ ಇದು ಸುಮಾರು 410 ಕಿಲೋಮೀಟರ್. 2 ಮೀಟರ್ ಎತ್ತರದ ಆ್ಯಂಟೆನಾ ಹೊತ್ತ ಶೋಧವಾಹನಕ್ಕೆ 6 ಕಿಲೋಮೀಟರ್ ಕೂಡ ಇಲ್ಲ; ಕಟ್ಟಡ, ಗುಡ್ಡ, ಮರಗಳು ಅದನ್ನೂ ಕಡಿತಗೊಳಿಸುತ್ತವೆ. ಹಾಗಾಗಿ ಬೆಂಗಳೂರಿನ ಮೇಲೆ ಎತ್ತರದಲ್ಲಿ ಹಾರುವ ವಿಮಾನಕ್ಕೆ ಕೇಳಿಸುವ ಅಡಚಣೆಯ ಮೂಲ ನಗರದಲ್ಲೇ ಇರಬೇಕೆಂದಿಲ್ಲ, ಕರ್ನಾಟಕದಲ್ಲೇ ಇರಬೇಕೆಂದೂ ಇಲ್ಲ.

ಈ ತೊಡಕೇ ಶೋಧಕರಿಗೆ ಉಪಾಯವನ್ನೂ ಕೊಡುತ್ತದೆ. 3,000 ಮೀಟರ್ ಎತ್ತರದಲ್ಲಿ ದಿಗಂತ ಸುಮಾರು 225 ಕಿಲೋಮೀಟರ್, 300 ಮೀಟರ್‌ನಲ್ಲಿ ಸುಮಾರು 71 ಕಿಲೋಮೀಟರ್. ಬೇರೆಬೇರೆ ಎತ್ತರದ ವಿಮಾನಗಳಿಗೆ ಅಡಚಣೆ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ, ಆಯಾ ಬಿಂದುವಿನಿಂದ ಆಯಾ ದಿಗಂತದಷ್ಟು ತ್ರಿಜ್ಯದ ವೃತ್ತ ಎಳೆದರೆ, ವೃತ್ತಗಳು ಒಂದನ್ನೊಂದು ಕಡಿಯುವ ಪ್ರದೇಶದಲ್ಲಿ ಮೂಲವನ್ನು ಹುಡುಕಬೇಕು. ಎತ್ತರದ ವಿಮಾನಗಳ ವರದಿ ಜಿಲ್ಲೆಗಳ ಮಟ್ಟಕ್ಕೆ ತಂದು ನಿಲ್ಲಿಸಿದರೆ, ತಗ್ಗಿನಲ್ಲಿ ಹಾರುವವುಗಳ ವರದಿ ಊರಿನ ಮಟ್ಟಕ್ಕೆ ಇಳಿಸುತ್ತದೆ.

ಅಡಚಣೆಯ ಮೂಲಗಳು

ಬೇಕೆಂದೇ ಮಾಡುವ ಅಡಚಣೆ ಸುದ್ದಿಯಾಗುತ್ತದೆ. ವಿಎಚ್‌ಎಫ್ ಪಟ್ಟಿಯಲ್ಲಿ ಆಗಾಗ ಸಿಗುವುದು ಮಾತ್ರ ಕೆಟ್ಟ ಅಥವಾ ತಪ್ಪಾಗಿ ಜೋಡಿಸಿದ ಉಪಕರಣಗಳು. ಅವುಗಳ ಒಡೆಯರಿಗೆ ತಮ್ಮಿಂದ ತೊಂದರೆಯಾಗುತ್ತಿದೆ ಎಂಬ ಅರಿವೇ ಇರುವುದಿಲ್ಲ.

ಎಫ್‌ಎಂ ಪ್ರಸಾರದ ಪಟ್ಟಿ 108 ಮೆಗಾಹರ್ಟ್ಜ್‌ಗೆ ಮುಗಿಯುತ್ತದೆ, ವಿಮಾನಗಳ ಪಟ್ಟಿ ಅಲ್ಲಿಂದಲೇ ಶುರು. ಎರಡು ಬಲವಾದ ಎಫ್‌ಎಂ ಸಂಕೇತಗಳು ಒಂದೇ ಆ್ಯಂಪ್ಲಿಫೈಯರ್‌ನಲ್ಲೋ ರಿಸೀವರ್‌ನಲ್ಲೋ ಬೆರೆತರೆ ಎರಡರಲ್ಲೂ ಇಲ್ಲದ ಹೊಸ ಆವೃತ್ತಿ ಹುಟ್ಟುತ್ತದೆ. ಉದಾಹರಣೆಗೆ 107.1ರ ಎರಡರಷ್ಟರಿಂದ 104.1 ಕಳೆದರೆ 110.1, ಅದು ಲೋಕಲೈಜರ್‌ಗೆ ಮೀಸಲಾದ ಆವೃತ್ತಿಗಳಲ್ಲೊಂದು. ಇದಕ್ಕೆ ಇಂಟರ್‌ಮಾಡ್ಯುಲೇಷನ್ ಎಂದು ಹೆಸರು. ಮಿಶ್ರಣ ಪ್ರಸಾರ ಗೋಪುರದಲ್ಲೇ ಆಗಿರಬಹುದು, ಇಲ್ಲವೇ ವಿಮಾನದ ರಿಸೀವರ್ ಒಳಗೇ ಆಗಬಹುದು. ಎರಡನೆಯ ಸಂದರ್ಭದಲ್ಲಿ ನೆಲದ ಮೇಲೆ ಎಷ್ಟು ಹುಡುಕಿದರೂ 110.1ರಲ್ಲಿ ಯಾವ ಟ್ರಾನ್ಸ್‌ಮಿಟರ್ ಕೂಡ ಸಿಗುವುದಿಲ್ಲ. ಎಫ್‌ಎಂ ಸಂಕೇತಗಳನ್ನು ತಾಳಿಕೊಳ್ಳುವ ರಿಸೀವರ್‌ಗಳು ವಿಮಾನಗಳಲ್ಲಿರಬೇಕೆಂಬ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡ 1998ರ ಜನವರಿ 1ರಿಂದ ಅನ್ವಯವಾಯಿತು. ಪರವಾನಗಿ ಇಲ್ಲದ ಕಳ್ಳ ಎಫ್‌ಎಂ ಕೇಂದ್ರಗಳಲ್ಲಿ ಸೋಸುಕಗಳು ಸರಿಯಾಗಿರದೆ ಅಪಾಯ ಇನ್ನೂ ಹೆಚ್ಚು.

ಕೇಬಲ್ ಟಿವಿ ಜಾಲವು ವಿಮಾನಗಳ ಆವೃತ್ತಿಗಳನ್ನೇ ತನ್ನ ತಂತಿಯೊಳಗೆ ಬಳಸಿಕೊಳ್ಳಬಹುದು. ತಂತಿಯ ಕವಚ ಹರಿದಲ್ಲಿ, ಕನೆಕ್ಟರ್ ಸಡಿಲವಾದಲ್ಲಿ ಅದು ಹೊರಗೆ ಸೋರುತ್ತದೆ. ಒಂದೊಂದು ಸೋರಿಕೆಯೂ ಸಣ್ಣದೇ. ಆದರೆ ಮೇಲೆ ಹಾರುವ ವಿಮಾನಕ್ಕೆ ಇಡೀ ಪಟ್ಟಣದ ಸೋರಿಕೆಗಳು ಕೂಡಿ ಕೇಳಿಸುತ್ತವೆ. ಅದಕ್ಕೆಂದೇ ಅಮೆರಿಕದ ನಿಯಮಗಳು ಕೇಬಲ್ ಸಂಸ್ಥೆಗಳು ತಮ್ಮ ಜಾಲದ ಒಟ್ಟು ಸೋರಿಕೆಯನ್ನು ಲೆಕ್ಕ ಹಾಕಬೇಕೆಂದು ವಿಧಿಸಿವೆ.

ಇವಲ್ಲದೆ ತಂತಾನೇ ಆಂದೋಲನಕ್ಕೆ ಬಿದ್ದ ಟಿವಿ ಆ್ಯಂಟೆನಾ ಬೂಸ್ಟರ್, ಮೊಬೈಲ್ ಸಿಗ್ನಲ್ ಬೂಸ್ಟರ್, ಕಳಪೆ ಎಲ್‌ಇಡಿ ದೀಪಗಳ ವಿದ್ಯುತ್ ಘಟಕ, ಕಿಡಿ ಹಾರುವ ವಿದ್ಯುತ್ ಕಂಬದ ಇನ್ಸುಲೇಟರ್, ಅನುಮತಿ ಇಲ್ಲದ ದೂರವ್ಯಾಪ್ತಿಯ ಕಾರ್ಡ್‌ಲೆಸ್ ಫೋನ್ ಇವೂ ಪಟ್ಟಿಗೆ ಸೇರುತ್ತವೆ. ವಿಮಾನದ ಒಳಗಿನ ಮೊಬೈಲ್ ಕೂಡ ಪೈಲಟ್‌ನ ಹೆಡ್‌ಸೆಟ್‌ನಲ್ಲಿ ಟರ್ರೆನ್ನುವ ಸದ್ದು ತರಬಲ್ಲದು. ಗುಂಡಿ ಸಿಕ್ಕಿಹಾಕಿಕೊಂಡ ಮೈಕ್‌ನಿಂದ ಒಂದು ವಿಮಾನವೇ ಇಡೀ ಚಾನೆಲ್ಲನ್ನು ಕಟ್ಟಿಹಾಕುವುದೂ ಉಂಟು.

ಟ್ರಾನ್ಸ್‌ಮಿಟರ್ ಇಲ್ಲದ ಅಡಚಣೆಯೂ ಇದೆ. 2011ರ ನವೆಂಬರ್ 3ರಂದು ಮ್ಯೂನಿಕ್‌ನಲ್ಲಿ ಇಳಿಯುತ್ತಿದ್ದ ಸಿಂಗಾಪುರ್ ಏರ್‌ಲೈನ್ಸ್‌ನ ಬೋಯಿಂಗ್ 777, ಮುಂದೆ ಮೇಲೇರುತ್ತಿದ್ದ ಇನ್ನೊಂದು ವಿಮಾನ ಲೋಕಲೈಜರ್ ಸಂಕೇತವನ್ನು ಕೆಡಿಸಿದ್ದರಿಂದ ರನ್‌ವೇ ಬಿಟ್ಟು ಹುಲ್ಲಿಗೆ ಸರಿಯಿತು. ಇಂಥಲ್ಲಿ ಹುಡುಕಬೇಕಾದ್ದು ಉಪಕರಣವನ್ನಲ್ಲ, ಸಂಕೇತಕ್ಕೆ ಅಡ್ಡ ಬಂದ ಲೋಹದ ಮೈಯನ್ನು.

ಶೋಧದ ಹಂತಗಳು

ಮೊದಲ ಹಂತ ವರದಿ. ಆವೃತ್ತಿ, ಸಮಯ, ವಿಮಾನದ ಸ್ಥಾನ, ಎತ್ತರ, ಕೇಳಿಸಿದ್ದು ಮಾತೋ ಸಂಗೀತವೋ ಗುಂಯ್‌ಗುಟ್ಟುವಿಕೆಯೋ ಎಂಬ ವಿವರ, ಬೇರೆ ವಿಮಾನಗಳಿಗೂ ಕೇಳಿಸಿತೇ ಎಂಬ ಉತ್ತರ ಇವಿಷ್ಟೂ ಬೇಕು. ಒಂದೇ ವಿಮಾನಕ್ಕೆ ಎಲ್ಲೆಡೆ ಕೇಳಿಸಿದರೆ ದೋಷ ಅದರ ಉಪಕರಣದಲ್ಲಿದೆ. ಎಲ್ಲ ವಿಮಾನಗಳಿಗೂ ಒಂದೇ ಪ್ರದೇಶದಲ್ಲಿ ಕೇಳಿಸಿದರೆ ಮೂಲ ಹೊರಗಿದೆ. ವಿಮಾನಗಳಿಗೆ ಕೇಳಿಸದೆ ಗೋಪುರಕ್ಕೆ ಮಾತ್ರ ಕೇಳಿಸಿದರೆ ನಿಲ್ದಾಣದ ಆಸುಪಾಸಿನಲ್ಲೇ ಹುಡುಕುವುದು ಲೇಸು.

ಎರಡನೆಯದು ಸಂಕೇತದ ಗುರುತು ಹಿಡಿಯುವುದು. ಹಾಡು, ಜಾಹೀರಾತು ಕೇಳಿಸಿದರೆ ಅದು ಪ್ರಸಾರ ಕೇಂದ್ರದ ಮಿಶ್ರಣ. ಸೆಕೆಂಡಿಗೆ 100 ಸಲ ಮಿಡಿಯುವ ಗೊರಗೊರ ಸದ್ದು 50 ಹರ್ಟ್ಜ್ ವಿದ್ಯುತ್ ಜಾಲದ ಕಿಡಿಯನ್ನು ಸೂಚಿಸುತ್ತದೆ. ಬಿಸಿಲೇರಿದಂತೆ ಆವೃತ್ತಿ ನಿಧಾನವಾಗಿ ಜಾರಿದರೆ ಹಿಡಿತ ತಪ್ಪಿದ ಆ್ಯಂಪ್ಲಿಫೈಯರ್ ಮೇಲೆ ಸಂಶಯ. ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹುಟ್ಟಿ ರಾತ್ರಿ ಬಾಗಿಲು ಹಾಕುವಾಗ ಸಾಯುವ ಸಂಕೇತಕ್ಕೆ ಅದರದೇ ಅರ್ಥವಿದೆ. ಸ್ಪೆಕ್ಟ್ರಮ್ ಅನಲೈಜರ್ ಇದನ್ನೆಲ್ಲ ಚಿತ್ರವಾಗಿ ತೋರಿಸುತ್ತದೆ. ಅದರ ಮುಂದೆ ಬೇಕಾದ ಪಟ್ಟಿಯನ್ನಷ್ಟೇ ಬಿಡುವ ಸೋಸುಕ ಇರಲೇಬೇಕು. ಇಲ್ಲದಿದ್ದರೆ ಹತ್ತಿರದ ಎಫ್‌ಎಂ ಗೋಪುರದ ಅಬ್ಬರಕ್ಕೆ ಉಪಕರಣದ ಒಳಗೇ ಇಲ್ಲದ ಸಂಕೇತಗಳು ಹುಟ್ಟಿ ಶೋಧಕರ ದಾರಿ ತಪ್ಪುತ್ತದೆ.

ಮೂರನೆಯದು ದಿಕ್ಕು ಹಿಡಿಯುವುದು. 1907ರ ಹೊತ್ತಿಗೆ ಬೆಲ್ಲಿನಿ ಮತ್ತು ತೋಸಿ, 1919ರಲ್ಲಿ ಬ್ರಿಟನ್ನಿನ ಆ್ಯಡ್‌ಕಾಕ್ ರೂಪಿಸಿದ ಆ್ಯಂಟೆನಾ ವ್ಯವಸ್ಥೆಗಳಿಂದ ಈ ವಿದ್ಯೆ ಬೆಳೆಯಿತು. ಈಗಿನ ಯಂತ್ರಗಳು ವೃತ್ತಾಕಾರವಾಗಿ ನಿಲ್ಲಿಸಿದ ಹಲವು ಆ್ಯಂಟೆನಾಗಳಿಗೆ ಅಲೆ ತಲುಪುವ ಹಂತವ್ಯತ್ಯಾಸ ನೋಡಿ ದಿಕ್ಕು ಹೇಳುತ್ತವೆ. ಎರಡು ಎತ್ತರದ ಸ್ಥಳಗಳಿಂದ ದಿಕ್ಕಿನ ರೇಖೆ ಎಳೆದರೆ ಒಂದು ಬಿಂದು ಸಿಗುತ್ತದೆ, ಮೂರನೆಯ ರೇಖೆ ಅದನ್ನು ಪರೀಕ್ಷಿಸುತ್ತದೆ. ಮೂರೂ ಒಂದೇ ಬಿಂದುವಿನಲ್ಲಿ ಸೇರುವುದು ಅಪರೂಪ, ಸಾಮಾನ್ಯವಾಗಿ ಒಂದು ತ್ರಿಕೋನ ಉಳಿಯುತ್ತದೆ. ದಿಕ್ಕಿನಲ್ಲಿ 2 ಡಿಗ್ರಿ ತಪ್ಪಿದರೆ 30 ಕಿಲೋಮೀಟರ್ ದೂರದಲ್ಲಿ ಅದು 1 ಕಿಲೋಮೀಟರ್ ಆಗುತ್ತದೆ. ಇನ್ನೊಂದು ಮಾರ್ಗ ಸಮಯದ್ದು: ಒಂದೇ ಸಂಕೇತ ಬೇರೆಬೇರೆ ಕೇಂದ್ರಗಳಿಗೆ ತಲುಪುವ ಕ್ಷಣಗಳ ವ್ಯತ್ಯಾಸದಿಂದ ಸ್ಥಾನ ಲೆಕ್ಕ ಹಾಕಬಹುದು. ಇಲ್ಲಿ 1 ಮೈಕ್ರೋಸೆಕೆಂಡ್ ತಪ್ಪಿದರೆ ಸುಮಾರು 300 ಮೀಟರ್ ತಪ್ಪುತ್ತದೆ.

ಕೊನೆಯ ಹಂತ ಕಾಲ್ನಡಿಗೆಯದು. ನಗರದಲ್ಲಿ ಅಲೆಗಳು ಗೋಡೆ, ನೀರಿನ ಟ್ಯಾಂಕು, ಜಾಹೀರಾತು ಫಲಕಗಳಿಗೆ ಬಡಿದು ತಿರುಗುವುದರಿಂದ ದಿಕ್ಕಿನ ಯಂತ್ರ ಬೀದಿಬೀದಿಗೆ ಬೇರೆ ಉತ್ತರ ಕೊಡುತ್ತದೆ. ಶೋಧಕರು ಕೈಯಲ್ಲಿ ಯಾಗಿ ಆ್ಯಂಟೆನಾ ಹಿಡಿದು, ಸಂಕೇತ ಬಲವಾದಂತೆಲ್ಲ ರಿಸೀವರ್‌ನ ಸೂಕ್ಷ್ಮತೆಯನ್ನು ಬೇಕೆಂದೇ ತಗ್ಗಿಸುತ್ತ ಮುಂದುವರಿಯುತ್ತಾರೆ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಅರ್ಧವಾದರೆ ಸಂಕೇತ 6 ಡೆಸಿಬೆಲ್ ಏರುತ್ತದೆ, ಈ ಏರಿಕೆಯೇ ಅವರಿಗೆ ದಾರಿ ತೋರುವುದು. ಕಟ್ಟಡ ಸಿಕ್ಕಿದ ಮೇಲೆ ಮಹಡಿ, ಮನೆ, ಕೋಣೆ. ಕೊನೆಯ ಪುರಾವೆ ಬಹಳ ಸರಳ: ಸಂಶಯದ ಉಪಕರಣದ ಸ್ವಿಚ್ ಆರಿಸಿದಾಗ ಅನಲೈಜರ್ ಪರದೆಯ ಗೆರೆ ಬೀಳಬೇಕು, ಹಾಕಿದಾಗ ಏಳಬೇಕು, ಮತ್ತು ಅದೇ ಹೊತ್ತಿಗೆ ಗೋಪುರದಲ್ಲೂ ಅದೇ ಬದಲಾವಣೆ ಕಾಣಬೇಕು. ಇದನ್ನು ಹಲವು ಸಲ ಮಾಡಿ ದಾಖಲಿಸದೆ ಯಾರನ್ನೂ ಹೊಣೆಯಾಗಿಸುವಂತಿಲ್ಲ. ಒಂದೇ ಆವೃತ್ತಿಯಲ್ಲಿ ಎರಡು ಮೂಲಗಳಿರುವ ಸಾಧ್ಯತೆ ಯಾವಾಗಲೂ ಇರುತ್ತದೆ.

ಉಪಗ್ರಹ ಸಂಕೇತಗಳ ವಿಶೇಷ ಸಮಸ್ಯೆ

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ನೆಲಕ್ಕೆ ಬರುವ ಹೊತ್ತಿಗೆ ಅವುಗಳ ಸಂಕೇತ, ಒಂದು ವಾಟ್ ಅನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿನ ಆಸುಪಾಸು ಇರುತ್ತದೆ. ಹಾಗಾಗಿ ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಪುಟ್ಟ ಜಾಮರ್ ಕೂಡ ಅದನ್ನು ಮುಳುಗಿಸಬಲ್ಲದು, ಇದೇ ಜಾಮಿಂಗ್. ಇನ್ನೊಂದು ಬಗೆ ಸ್ಪೂಫಿಂಗ್, ಅಂದರೆ ಅಸಲಿಯಂತೆ ಕಾಣುವ ನಕಲಿ ಸಂಕೇತ ಕಳಿಸಿ ರಿಸೀವರ್‌ಗೆ ತಪ್ಪು ಸ್ಥಾನ ನಂಬಿಸುವುದು. ಜಾಮಿಂಗ್ ಆದರೆ ಪರದೆ ಎಚ್ಚರಿಕೆ ಕೊಡುತ್ತದೆ. ಸ್ಪೂಫಿಂಗ್ ಆದರೆ ಎಲ್ಲ ಸರಿಯಿರುವಂತೆ ಕಂಡು, ವಿಮಾನದ ಗಡಿಯಾರ ತಪ್ಪುತ್ತದೆ, ಎತ್ತರದಲ್ಲಿರುವಾಗಲೇ ನೆಲ ಹತ್ತಿರ ಬಂತೆಂಬ ಸುಳ್ಳು ಕೂಗು ಏಳಬಹುದು. 2023ರ ಸೆಪ್ಟೆಂಬರ್‌ನಿಂದ ಬಾಗ್ದಾದ್ ಸುತ್ತಲ ವಾಯುಮಾರ್ಗಗಳಲ್ಲಿ ಇಂಥ ಘಟನೆಗಳು ಸಾಲಾಗಿ ವರದಿಯಾದವು. 2024ರಲ್ಲಿ ಫಿನ್‌ಏರ್ ಸಂಸ್ಥೆ ಜಿಪಿಎಸ್ ಅಡಚಣೆಯ ಕಾರಣದಿಂದ ಎಸ್ಟೋನಿಯಾದ ತಾರ್ತು ನಗರಕ್ಕೆ ಒಂದು ತಿಂಗಳು ಹಾರಾಟ ನಿಲ್ಲಿಸಿತು.

ಇಲ್ಲಿ ವಿಮಾನಗಳೇ ಶೋಧದ ಉಪಕರಣಗಳಾಗಿವೆ. ಎಡಿಎಸ್-ಬಿ ವ್ಯವಸ್ಥೆಯಲ್ಲಿ ಪ್ರತಿ ವಿಮಾನವೂ ತನ್ನ ಸ್ಥಾನದ ಜೊತೆಗೆ ಆ ಸ್ಥಾನ ಎಷ್ಟು ನಂಬಲರ್ಹ ಎಂಬ ಅಂಕಿಯನ್ನೂ 1090 ಮೆಗಾಹರ್ಟ್ಜ್‌ನಲ್ಲಿ ಸಾರುತ್ತಿರುತ್ತದೆ. ಹಲವು ವಿಮಾನಗಳ ಅಂಕಿ ಒಂದೇ ಪ್ರದೇಶದಲ್ಲಿ ಕುಸಿದರೆ ನಕ್ಷೆಯಲ್ಲಿ ಅಡಚಣೆಯ ವಲಯ ಮೂಡುತ್ತದೆ. ಶಕ್ತಿಶಾಲಿ ಮೂಲಗಳನ್ನು ಬಾಹ್ಯಾಕಾಶದಿಂದಲೂ ಹಿಡಿಯಬಹುದು: ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ರಿಸೀವರ್ 2018ರಲ್ಲಿ ದಾಖಲಿಸಿದ ಸಂಕೇತದ ಡಾಪ್ಲರ್ ಬದಲಾವಣೆ ಲೆಕ್ಕ ಹಾಕಿ, ಅದರ ಮೂಲ ಸಿರಿಯಾದ ವಾಯುನೆಲೆಯೊಂದರಲ್ಲಿದೆ ಎಂದು ತೋರಿಸಿದರು.

ಗಮನಾರ್ಹ ಪ್ರಕರಣಗಳು

ಮಾಸ್ ಲ್ಯಾಂಡಿಂಗ್, 2001. ಕ್ಯಾಲಿಫೋರ್ನಿಯಾದ ಈ ಬಂದರಿನಲ್ಲಿ ಹಡಗುಗಳ ಜಿಪಿಎಸ್ ಕೈಕೊಟ್ಟಿತು. ಹುಡುಕಿದಾಗ ಸಿಕ್ಕಿದ್ದು ದೋಣಿಗಳಲ್ಲಿದ್ದ ಬೂಸ್ಟರ್ ಸಹಿತ ಟಿವಿ ಆ್ಯಂಟೆನಾಗಳು. ಒಂದನ್ನು ನಿಲ್ಲಿಸಿದ ಮೇಲೂ ತೊಂದರೆ ಮುಗಿಯಲಿಲ್ಲ, ಒಟ್ಟು ಮೂರು ಮೂಲಗಳಿದ್ದವು. ಇದು ಕಡಲಿನ ಪ್ರಕರಣವಾದರೂ ವಿಮಾನಯಾನದ ಶೋಧಕರು ಪಾಠವಾಗಿ ಓದುವಂಥದ್ದು.

ಕಾರ್ವಾಲಿಸ್, 2004. ಅಮೆರಿಕದ ಆರೆಗನ್ ರಾಜ್ಯದ ಈ ಊರಿನ ಮನೆಯೊಂದರ ಟಿವಿ, ಆಪತ್ಕಾಲದ 121.5 ಮೆಗಾಹರ್ಟ್ಜ್‌ನಲ್ಲಿ ಸಂಕೇತ ಹೊರಡಿಸತೊಡಗಿತು. ಆಪತ್ಕಾಲದ ಕರೆಗಳನ್ನು ಆಲಿಸುವ ಉಪಗ್ರಹ ಅದನ್ನು ಅಪಾಯದ ಕರೆಯೆಂದು ಭಾವಿಸಿದ್ದರಿಂದ ರಕ್ಷಣಾ ತಂಡ ಬಾಗಿಲು ತಟ್ಟಿತು. ಸುಳ್ಳು ಕರೆಗಳ ಹಾವಳಿಯಿಂದಾಗಿ ಇಂಥ ಉಪಗ್ರಹಗಳು 2009ರ ಫೆಬ್ರವರಿ 1ರಿಂದ ಈ ಆವೃತ್ತಿಯನ್ನು ಆಲಿಸುವುದನ್ನು ನಿಲ್ಲಿಸಿ 406 ಮೆಗಾಹರ್ಟ್ಜ್‌ನ ಡಿಜಿಟಲ್ ಸಂಕೇತಗಳಿಗೆ ಸೀಮಿತವಾದವು.

ನ್ಯೂವರ್ಕ್, 2009–2013. ನ್ಯೂಜೆರ್ಸಿಯ ಈ ನಿಲ್ದಾಣದಲ್ಲಿ ಜಿಪಿಎಸ್ ಆಧಾರಿತ ಇಳಿಯುವ ವ್ಯವಸ್ಥೆಯ ನೆಲದ ರಿಸೀವರ್‌ಗಳು ಆಗಾಗ ತಡವರಿಸುತ್ತಿದ್ದವು. ಪಕ್ಕದ ಹೆದ್ದಾರಿಯಲ್ಲಿ ಹಾದುಹೋಗುವ ವಾಹನಗಳ ಪುಟ್ಟ ಜಾಮರ್‌ಗಳೇ ಕಾರಣವೆಂದು ಶೋಧದಿಂದ ಗೊತ್ತಾಯಿತು. ಮೂಲ ಚಲಿಸುತ್ತಿದ್ದು, ಕ್ಷಣಗಳಲ್ಲೇ ಮಾಯವಾಗುತ್ತಿದ್ದುದರಿಂದ ಹಿಡಿಯಲು ಬಹಳ ಕಾಲ ಬೇಕಾಯಿತು. 2012ರಲ್ಲಿ ಸಿಕ್ಕಿಬಿದ್ದ ಚಾಲಕನೊಬ್ಬ ತನ್ನ ವಾಹನ ಎಲ್ಲಿದೆ ಎಂದು ಮಾಲೀಕರಿಗೆ ಗೊತ್ತಾಗದಿರಲಿ ಎಂದು ಜಾಮರ್ ಬಳಸಿದ್ದ. ಮರುವರ್ಷ ಅವನಿಗೆ 31,875 ಡಾಲರ್ ದಂಡದ ನೋಟಿಸು ಹೋಯಿತು.

ಸಾನ್ ಹುವಾನ್, 2009. ಪೋರ್ಟೊ ರಿಕೊದ ಈ ನಿಲ್ದಾಣದ ಹವಾಮಾನ ರಾಡಾರ್ 5600ರಿಂದ 5650 ಮೆಗಾಹರ್ಟ್ಜ್ ಪಟ್ಟಿಯದು. ಹೊರಾಂಗಣದ ವೈಫೈ ಮಾದರಿಯ ಉಪಕರಣಗಳು ಅದೇ ಪಟ್ಟಿಗೆ ನುಗ್ಗಿ ರಾಡಾರ್ ಚಿತ್ರದಲ್ಲಿ ಪಟ್ಟೆಗಳನ್ನು ಮೂಡಿಸಿದವು. ಚಿತ್ರದ ಪಟ್ಟೆ ಯಾವ ಕಡೆ ಚಾಚಿದೆಯೋ ಅದೇ ಮೂಲದ ದಿಕ್ಕು.

ಡೆನ್ವರ್ ಮತ್ತು ಡಾಲಸ್, 2022. ಜನವರಿಯಲ್ಲಿ ಡೆನ್ವರ್ ಸುತ್ತ ಸುಮಾರು 33 ಗಂಟೆ ಜಿಪಿಎಸ್ ಕೆಟ್ಟಿತು. ಮೂಲ ಪತ್ತೆಯಾಗಿ ನಿಂತಿತು. ಅಕ್ಟೋಬರ್‌ನಲ್ಲಿ ಡಾಲಸ್ ಸುತ್ತ ಸುಮಾರು 44 ಗಂಟೆ ಕೆಟ್ಟು ತಾನಾಗಿಯೇ ಸರಿಹೋಯಿತು, ಮೂಲ ಸಿಗಲಿಲ್ಲ. ಸಂಕೇತ ನಿಂತ ಮೇಲೆ ಹುಡುಕಲು ಏನೂ ಉಳಿಯುವುದಿಲ್ಲ.

ಭಾರತದಲ್ಲಿ

ಆವೃತ್ತಿಗಳ ಹಂಚಿಕೆ ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗದ ಕೆಲಸ. 1952ರಲ್ಲಿ ಹುಟ್ಟಿದ ಈ ವಿಭಾಗದ ಜೊತೆಗಿರುವ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್ ಅಡಚಣೆಗಳನ್ನು ಹುಡುಕುತ್ತದೆ. ಅದರ ಕೇಂದ್ರಗಳು ಬೆಂಗಳೂರು ಮತ್ತು ಮಂಗಳೂರುಗಳಲ್ಲೂ ಇವೆ. ಉಪಗ್ರಹ ಸಂಕೇತಗಳ ನಿಗಾ ಕೇಂದ್ರ ಮಹಾರಾಷ್ಟ್ರದ ಜಾಲ್ನಾದಲ್ಲಿದೆ. ವಿಮಾನ ನಿಲ್ದಾಣ ಪ್ರಾಧಿಕಾರದ ಸಂಪರ್ಕ ಮತ್ತು ಸಂಚಾರ ಸಾಧನಗಳ ಎಂಜಿನಿಯರುಗಳು ಮೊದಲ ಪರಿಶೀಲನೆ ನಡೆಸಿ, ಮೂಲ ನಿಲ್ದಾಣದ ಹೊರಗಿದೆ ಎಂದಾದಾಗ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್‌ಗೆ ದೂರು ಕಳಿಸುತ್ತಾರೆ. ಐಎಲ್‌ಎಸ್, ವಿಒಆರ್‌ಗಳನ್ನು ಆಕಾಶದಿಂದ ತಪಾಸಣೆ ಮಾಡುವ ಪ್ರಾಧಿಕಾರದ ವಿಮಾನಗಳ ನೆಲೆ ದೆಹಲಿಯ ಸಫ್ದರ್‌ಜಂಗ್.

ಜಿಪಿಎಸ್ ನಿಖರತೆ ಹೆಚ್ಚಿಸುವ ಭಾರತದ ಗಗನ್ ವ್ಯವಸ್ಥೆಯನ್ನು ಇಸ್ರೋ ಮತ್ತು ಪ್ರಾಧಿಕಾರ ಸೇರಿ ಕಟ್ಟಿದವು. ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಗಗನ್ ಜಿಪಿಎಸ್‌ನ ದೋಷಗಳನ್ನು ತಿದ್ದಬಲ್ಲದು. ಆದರೆ ಅದರ ಸಂಕೇತವೂ ಅದೇ ಆವೃತ್ತಿಯಲ್ಲಿ ಬರುವುದರಿಂದ ಜಾಮರ್ ಎದುರು ಅದೂ ಅಷ್ಟೇ ದುರ್ಬಲ.

2023ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಗಡಿ ಪ್ರದೇಶದಲ್ಲಿ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮು ಸುತ್ತ, 465 ಜಿಪಿಎಸ್ ಅಡಚಣೆ ಘಟನೆಗಳು ವರದಿಯಾಗಿವೆ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. 2025ರ ನವೆಂಬರ್‌ನಲ್ಲಿ ದೆಹಲಿ ನಿಲ್ದಾಣದ 10ನೇ ರನ್‌ವೇಗೆ ಉಪಗ್ರಹ ಆಧಾರದಲ್ಲಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಸ್ಪೂಫಿಂಗ್ ಎದುರಾಯಿತು. ಬೆಂಗಳೂರೂ ಸೇರಿದಂತೆ ಬೇರೆ ನಿಲ್ದಾಣಗಳಿಂದಲೂ ವರದಿಗಳು ಬಂದಿವೆ ಎಂದು ಸಚಿವರು ಸದನದಲ್ಲಿ ಹೇಳಿದರು. ಘಟನೆ ನಡೆದ 10 ನಿಮಿಷಗಳೊಳಗೆ ವರದಿ ಮಾಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಸೂಚಿಸಿದ್ದರ ಹಿಂದೆ ಡಾಲಸ್‌ನಂಥ ಪ್ರಕರಣಗಳ ತರ್ಕವೇ ಇದೆ: ಸಂಕೇತ ಜೀವಂತವಾಗಿರುವಾಗಲೇ ಶೋಧ ಶುರುವಾಗಬೇಕು.

ತಡೆ ಮತ್ತು ಪರ್ಯಾಯ

ಅಡಚಣೆ ಹುಟ್ಟುವ ಮೊದಲೇ ತಡೆಯುವುದು ಅಗ್ಗ. 5ಜಿ ಬಂದಾಗ ರೇಡಿಯೋ ಆಲ್ಟಿಮೀಟರ್‌ಗೆ ತೊಂದರೆಯಾದೀತೆಂದು, 3300ರಿಂದ 3670 ಮೆಗಾಹರ್ಟ್ಜ್‌ನ ಗೋಪುರಗಳನ್ನು ರನ್‌ವೇಯ ಎರಡೂ ತುದಿಗಳಿಂದ 2,100 ಮೀಟರ್ ಮತ್ತು ನಡುಗೆರೆಯಿಂದ 910 ಮೀಟರ್ ಒಳಗೆ ಹಾಕಬಾರದೆಂದು ದೂರಸಂಪರ್ಕ ಇಲಾಖೆ 2022ರ ನವೆಂಬರ್‌ನಲ್ಲಿ ಆದೇಶಿಸಿತು. ಸರ್ಕಾರದ ಅನುಮತಿ ಇಲ್ಲದೆ ಮೊಬೈಲ್ ಜಾಮರ್, ಜಿಪಿಎಸ್ ಬ್ಲಾಕರ್ ಬಳಸುವುದು ಭಾರತದಲ್ಲಿ ಕಾನೂನುಬಾಹಿರ. ಖಾಸಗಿಯವರು ಸಿಗ್ನಲ್ ಬೂಸ್ಟರ್ ಇಟ್ಟುಕೊಳ್ಳುವುದೂ ನಿಷಿದ್ಧ.

ಶೋಧ ಎಷ್ಟೇ ಚುರುಕಾದರೂ ಮೂಲ ಸಿಗುವವರೆಗೆ ವಿಮಾನಗಳು ಹಾರುತ್ತಲೇ ಇರಬೇಕು. ಅದಕ್ಕಾಗಿ ಹೊರಗಿನ ಯಾವ ಸಂಕೇತವನ್ನೂ ನೆಚ್ಚದ ಜಡತ್ವ ಸಂಚಾರ ಸಾಧನ ದೊಡ್ಡ ವಿಮಾನಗಳಲ್ಲಿ ಇರುತ್ತದೆ. ಉಪಗ್ರಹಗಳ ಕಾಲದಲ್ಲೂ ವಿಒಆರ್, ಡಿಎಂಇ, ಐಎಲ್‌ಎಸ್‌ಗಳ ಒಂದು ಕನಿಷ್ಠ ಜಾಲವನ್ನು ದೇಶಗಳು ಉಳಿಸಿಕೊಂಡಿವೆ. ತಾರ್ತುವಿಗೆ ಫಿನ್‌ಏರ್ ಮತ್ತೆ ಹಾರಲು ಸಾಧ್ಯವಾದದ್ದು ಅಡಚಣೆ ನಿಂತದ್ದರಿಂದಲ್ಲ, ಜಿಪಿಎಸ್ ಬೇಡದ ಇಳಿಯುವ ಕ್ರಮವನ್ನು ಅಲ್ಲಿ ಅಳವಡಿಸಿದ್ದರಿಂದ. ಗಡಿಯಾಚೆಯ ಮೂಲ ಪತ್ತೆಯಾದರೂ ಅದರ ಸ್ವಿಚ್ ಶೋಧಕರ ಕೈಯಲ್ಲಿರುವುದಿಲ್ಲ.